ರಂಪಣಿಯವರ ಅಂಗಿ

ಕೂಸಪ್ಪ ಸಾಲ್ಯಾನ್ ಆಸ್ಪತ್ರೆ ಸೇರಿದ ದಿನವೂ ಗೋಡೆಯ ಮೇಲೆ ಅವನ ಚುಕ್ಕೆ ಹಸಿರಾಗಿಯೇ ಇತ್ತು.

ಸುಗಂಧಿ ಅದನ್ನು ಮತ್ತೆ ಮತ್ತೆ ನೋಡಿದಳು. ಪಡುಹೊಳೆಯ ಕಾವಲು ಕೇಂದ್ರದಲ್ಲಿ ಒಂದಿಡೀ ಗೋಡೆಗೆ ಪರದೆ ಹಾಕಿದ್ದಾರೆ. ಊರಿನ ನಡುವಯಸ್ಸು ದಾಟಿದ ಗಂಡಸರೆಲ್ಲ ಅದರ ಮೇಲೆ ಒಂದೊಂದು ಚುಕ್ಕೆಯಾಗಿ ಕೂತಿದ್ದಾರೆ. ಹಸಿರೆಂದರೆ ಕ್ಷೇಮ, ಹಳದಿಯಾದರೆ ಫೋನ್ ಮಾಡಬೇಕು, ಕೆಂಪಾದರೆ ಗಾಡಿ ಕಳಿಸಬೇಕು. ಕೂಸಪ್ಪನ ಎಡ ಎದೆಯ ಗಂಟು ಒಡೆದು ಕೀವು ಸುರಿಯುತ್ತಿದೆ, ಅದು ಕ್ಯಾನ್ಸರ್, ಶ್ವಾಸಕೋಶಕ್ಕೂ ಹೋಗಿದೆ ಎಂದು ಬೆಳಿಗ್ಗೆ ದೊಡ್ಡಾಸ್ಪತ್ರೆಯಿಂದ ಫೋನ್ ಬಂದಿತ್ತು. ಇಲ್ಲಿ ನೋಡಿದರೆ ಪುಣ್ಯಾತ್ಮ ಹಸಿರು ಹಸಿರಾಗಿ ಮಿನುಗುತ್ತಿದ್ದಾನೆ. ಸುಗಂಧಿಗೆ ಪರದೆಯ ಮೇಲೆ ಸಿಟ್ಟು ಬಂತು. ಆಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಸುಸ್ತು ಎನಿಸಿ ಕುರ್ಚಿಗೆ ಒರಗಿದಳು.

ಇಪ್ಪತ್ತು ವರ್ಷ ನರ್ಸ್ ಆಗಿ ದುಡಿದು, ಮಂಡಿ ನೋವಿಗೆ ಕೂತು ಮಾಡುವ ಕೆಲಸ ಇರಲಿ ಎಂದು ಇಲ್ಲಿಗೆ ಬಂದವಳು ಅವಳು. ಬಂದು ಒಂಬತ್ತು ವರ್ಷವಾಯಿತು. ಕೂತರೂ ಮಂಡಿ ನೋಯುತ್ತದೆ ಎಂಬುದು ಮೊದಲ ವರ್ಷವೇ ಗೊತ್ತಾಗಿತ್ತು.

ಕಾವಲು ಎಂದರೆ ಅಕ್ಕಿಕಾಳಿನಷ್ಟು ದೊಡ್ಡ ಒಂದು ಯಂತ್ರ. ತೋಳಿನ ಚರ್ಮದಡಿ ಇಟ್ಟು ಎರಡು ಹೊಲಿಗೆ ಹಾಕಿದರೆ ಮುಗಿಯಿತು. ಅದು ಬಂದ ಕಾಲಕ್ಕೆ ಊರಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಷ್ಟು ಹೆಚ್ಚಿತ್ತೆಂದರೆ, ಅರುವತ್ತು ದಾಟಿದ ಗಂಡಸರು ಮೂತ್ರಕ್ಕೆ ಹೋಗಿ ತಡವಾದರೆ ಮನೆಯವರು ಬಾಗಿಲ ಹೊರಗೆ ನಿಂತು ಕಿವಿಗೊಡುತ್ತಿದ್ದರು. ಆ ಕಾಯಿಲೆಗೆ ಆಹಾರ ಗಂಡು ಹಾರ್ಮೋನು. ಜೀವಕೋಶಗಳಲ್ಲಿ ಅದು ಒಳಹೋಗುವ ಬೀಗದ ಕಣ್ಣೊಂದಿರುತ್ತದೆ. ಕಾವಲು ದಿನವಿಡೀ ಕೂದಲೆಳೆಯಷ್ಟು ಔಷಧಿ ಬಿಟ್ಟು ಆ ಕಣ್ಣುಗಳನ್ನು ಮುಚ್ಚಿಡುತ್ತದೆ, ರಕ್ತದಲ್ಲಿ ಕಾಯಿಲೆಯ ಗುರುತು ಏರಿದರೆ ಕೇಂದ್ರಕ್ಕೆ ತಿಳಿಸುತ್ತದೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ಮಲಗಿರುವ ಕೆಟ್ಟ ಕೋಶಗಳು ಹಸಿದು ಮಲಗಿಯೇ ಇರುತ್ತವೆ.

ಆದರೆ ಬಾಗಿಲು ಹಾಕಿದ ಮನೆಗೆ ಬಂದ ನೆಂಟ ಎಲ್ಲಿಗಾದರೂ ಹೋಗಬೇಕಲ್ಲ. ಒಳಗೆ ಸೇರದ ಹಾರ್ಮೋನು ರಕ್ತದಲ್ಲೇ ಅಲೆಯುತ್ತದೆ. ಅದರಲ್ಲಿ ಒಂದು ಪಾಲನ್ನು ಮೈ ತಾನಾಗಿ ಹೆಣ್ಣು ಹಾರ್ಮೋನಾಗಿ ತಿರುಗಿಸಿಕೊಳ್ಳುತ್ತದೆ. ಆಗ ಗಂಡಸಿನ ಎದೆ ಊದಿಕೊಳ್ಳಬಹುದು. ಹೆಚ್ಚಿನವರಿಗೆ ಅದು ಬರೀ ಊತ. ಅಪರೂಪಕ್ಕೆ ಯಾರಿಗಾದರೂ ಅಲ್ಲಿ ಬೇರೆ ಏನಾದರೂ ಆಗಬಹುದು ಎಂದು ಯೋಜನೆ ಶುರುವಾಗುವಾಗಲೇ ಡಾಕ್ಟರ್ ಉಪೇಂದ್ರ ಹೊಳ್ಳರು ಹೇಳಿದ್ದರು. ಅದಕ್ಕಾಗಿಯೇ ತಿಂಗಳಿಗೊಮ್ಮೆ ಎಲ್ಲರಿಗೂ ಫೋನ್ ಮಾಡಿ, ಎದೆಯಲ್ಲಿ ನೋವು, ಊತ, ಗಂಟು ಉಂಟಾ ಎಂದು ಕೇಳುವ ಏರ್ಪಾಡು ಮಾಡಿದ್ದರು.

ಕಾವಲು ಬಂದ ಮೇಲೆ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸಾಯುವವರು ಕಡಿಮೆಯಾದರು, ಅದು ಸುಳ್ಳಲ್ಲ. ಜೊತೆಗೆ ಊರೂ ಬದಲಾಯಿತು. ವಾಲಿಬಾಲ್ ಅಂಕಣದಲ್ಲಿ ಹುಲ್ಲು ಬೆಳೆಯಿತು. ಪೊಲೀಸ್ ಚೌಕಿಯವರು ಆಕಳಿಸುತ್ತ ಕೂತರು. ಕೂದಲು ಉದುರುವುದು ನಿಂತದ್ದರಿಂದ ಕ್ಷೌರದಂಗಡಿಯವನೊಬ್ಬನಿಗೆ ಮಾತ್ರ ಬಿಡುವಿಲ್ಲ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು ಗಂಡಸರಿಗೂ ಶುರುವಾಗಿ, ಮೀನು ಮಾರುವ ಹೆಂಗಸರು ಅವರಿಗೆ ಬೀಸಣಿಗೆ ಕೊಟ್ಟು, ಈಗ ಗೊತ್ತಾಯ್ತಾ ನಮ್ಮ ಕಷ್ಟ ಎಂದು ಛೇಡಿಸುತ್ತಿದ್ದರು. ಮೂಳೆ ತೆಳುವಾಗಿ ಬಾವಿಯಿಂದ ಕೊಡಪಾನ ಎತ್ತುವಾಗ ಮಣಿಕಟ್ಟು ಮುರಿದವರೂ ಇದ್ದರು. ಎಲ್ಲರೂ ಸದಾ ಸ್ವಲ್ಪ ಸುಸ್ತಾಗಿರುತ್ತಿದ್ದರು. ಬದುಕಿದ್ದೇವಲ್ಲ ಎಂದು ಸುಮ್ಮನಿದ್ದರು.

ಹೊಳ್ಳರು ಬಂದು ಸುಗಂಧಿಯ ಹಿಂದೆ ನಿಂತರು. ಅವರ ತೋಳಿನಲ್ಲೂ ಕಾವಲು ಇದೆ. ಎಸಿಯ ತಣ್ಣಗಿನ ಗಾಳಿಯಲ್ಲೂ ಅವರ ಹಣೆಯಲ್ಲಿ ಬೆವರಿತ್ತು.

"ಸರ್, ಇವರ ಚುಕ್ಕೆ ನೋಡಿ," ಎಂದಳು.

"ನೋಡಿದೆ. ಅದು ರಕ್ತ ನೋಡ್ತದೆ ಸುಗಂಧಿ, ಎದೆ ನೋಡುದಿಲ್ಲ. ಎದೆ ನಾವು ಕೇಳ್ಬೇಕು. ಕೇಳಿದ್ದೇವೆ. ಪ್ರತಿ ತಿಂಗಳೂ ಎಂತ ಇಲ್ಲ ಅಂತ ಹೇಳಿದ್ದಾರೆ."

"ಇದು ಕಾವಲಿನಿಂದ ಬಂದದ್ದಾ?"

ಹೊಳ್ಳರು ಕನ್ನಡಕ ತೆಗೆದು ಒರೆಸಿದರು. "ಇರಬಹುದು. ಇಲ್ಲದೆಯೂ ಇರಬಹುದು. ಕಾವಲು ಇಲ್ಲದ ಗಂಡಸರಿಗೂ ಎಲ್ಲಿಯೋ ಒಬ್ಬರಿಗೆ ಬರ್ತದೆ. ಒಂದು ಅಂದ್ರೆ ಸಾಬೀತಲ್ಲ."

"ಸಾಬೀತಾಗ್ಲಿಕ್ಕೆ ನಿಮಗೆ ಎಷ್ಟು ಎದೆ ಬೇಕು ಸರ್?"

ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಹೊಳ್ಳರು ಬೇಸರ ಮಾಡಿಕೊಳ್ಳಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂತರು.

"ನನಗೂ ಗೊತ್ತಿಲ್ಲ. ಒಂದಕ್ಕೇ ಹೆದರಿ ಎಲ್ಲರದ್ದೂ ನಿಲ್ಲಿಸಿದ್ರೆ ಒಳಗೆ ಮಲಗಿದ ಕಾಯಿಲೆ ಎಷ್ಟು ಜನಕ್ಕೆ ಏಳ್ತದೆ, ಅದೂ ಗೊತ್ತಿಲ್ಲ. ಆದ್ರೆ ಕೂಸಪ್ಪನ ತಂಡದಲ್ಲೇ ಇನ್ನೂ ಇಬ್ಬರಿಗೆ ಅಂಥ ಗಂಟು ಕಂಡ್ರೆ ನಾನು ಸಾಬೀತಿಗೆ ಕಾಯುದಿಲ್ಲ. ಅವತ್ತೇ ನಿಲ್ಲಿಸ್ತೇನೆ." ಕನ್ನಡಕ ಹಾಕಿಕೊಂಡು ಸೇರಿಸಿದರು. "ನಿಲ್ಲಿಸಿದ್ರೆ ನಿಮ್ಮ ಮನೆಯವರದ್ದೂ ನಿಲ್ಲಿಸ್ಬೇಕಾದೀತು. ಅವರದ್ದು ಮಲಗಿದ ಕೇಸು ಅಂತ ನಿಮಗೆ ಗೊತ್ತುಂಟಲ್ಲ."

ಅವಳಿಗೆ ಗೊತ್ತಿಲ್ಲದೆ ಏನು. ಗಂಡ ವಾಮನ ತಿಂಗಳಾಯ ಪಡುಹೊಳೆಯ ಕೈರಂಪಣಿ ತಂಡದ ತಂಡೇಲ, ಎಂದರೆ ಯಜಮಾನ. ಕಡಲಿಗೆ ಬಲೆ ಸುತ್ತು ಹಾಕಿ, ದಡದಲ್ಲಿ ಎರಡು ಸಾಲು ಗಂಡಸರು ನಿಂತು ಹಗ್ಗ ಎಳೆಯುವ ಆ ತಂಡದಲ್ಲಿ ಅವನು ಕೂಗಿದಾಗ ಎಳೆಯಬೇಕು, ಅವನು ನಿಲ್ಲಿಸಿದಾಗ ನಿಲ್ಲಬೇಕು. ವಾಮನನ ಅಪ್ಪ ಪ್ರಾಸ್ಟೇಟ್ ಕ್ಯಾನ್ಸರು ಬೆನ್ನುಮೂಳೆಗೆ ಇಳಿದು, ಚಾಪೆಯ ಮೇಲೆ ಹೊರಳಲಿಕ್ಕೂ ಆಗದೆ ಸತ್ತದ್ದನ್ನು ಸುಗಂಧಿ ಕೈಯಾರೆ ನೋಡಿಕೊಂಡಿದ್ದಳು. ಮರುವರ್ಷ ವಾಮನನ ಗ್ರಂಥಿಯಲ್ಲೂ ನಾಲ್ಕು ಕೆಟ್ಟ ಕೋಶ ಕಂಡಾಗ ಅವಳೇ ಅವನನ್ನು ಕರೆತಂದು ತೋಳು ಚಾಚಿಸಿದ್ದಳು. ಅವನು ಬೇಕೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅಂದಿನಿಂದ ಬೆಳಿಗ್ಗೆ ಬಂದು ಕೂತ ಕೂಡಲೇ ಅವಳು ಮೊದಲು ಹುಡುಕುವುದು ಅವನ ಚುಕ್ಕೆಯನ್ನು.

ಸಂಜೆ ಅವಳು ಕೂಸಪ್ಪನನ್ನು ನೋಡಲು ಹೋದಳು. ವಾರ್ಡಿನ ಕೊನೆಯ ಮಂಚದಲ್ಲಿ ಅವನು ದಿಂಬಿಗೆ ಒರಗಿ ಹಳೆಯ ಕ್ಯಾಲೆಂಡರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಎದೆಗೆ ದಪ್ಪ ಬ್ಯಾಂಡೇಜು.

"ಎಂತ ಸುಗಂಧಿ, ನನ್ನ ಚುಕ್ಕೆ ನೋಡ್ಲಿಕ್ಕೆ ಬಂದದ್ದಾ? ಅದು ಅಲ್ಲೇ ಗೋಡೆಯಲ್ಲಿ ಉಂಟಲ್ಲ," ಎಂದು ನಕ್ಕ. ನಗು ಕೆಮ್ಮಾಯಿತು.

"ಗಂಟು ಕಂಡು ಎಷ್ಟು ಸಮಯ ಆಯ್ತು ಕೂಸಪ್ಪಣ್ಣ?"

"ಎರಡು ಮಳೆಗಾಲ ಆಯ್ತು."

"ನಾವು ತಿಂಗಳು ತಿಂಗಳು ಕೇಳ್ತಿದ್ದೆವಲ್ಲ."

"ನೀವು ಕೇಳಿದ್ದು ನನ್ನನ್ನಾ? ವಾಮನನನ್ನು ಕೇಳಿದ್ದು," ಎಂದ ಅವನು. ದೂರಿದ ದನಿಯಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ ದನಿ.

ಅದು ಹೌದು. ರಂಪಣಿ ತಂಡಕ್ಕೆ ಒಂದೇ ಬಾಯಿ. ಮೀನಿನ ಸಾಹುಕಾರನ ಹತ್ತಿರವಾಗಲಿ, ಬಂದರು ಇಲಾಖೆಯ ಹತ್ತಿರವಾಗಲಿ, ದೇವಸ್ಥಾನದಲ್ಲಾಗಲಿ ತಂಡೇಲನೊಬ್ಬನೇ ಮಾತಾಡುವುದು, ಉಳಿದವರು ಹಿಂದೆ ನಿಲ್ಲುವುದು. ಅಜ್ಜನ ಕಾಲದಿಂದ ನಡೆದು ಬಂದ ರೀತಿ. ಕೇಂದ್ರದ ಫೋನೂ ಹಾಗೆಯೇ ವಾಮನನಿಗೆ ಹೋಗುತ್ತಿತ್ತು. ಒಬ್ಬೊಬ್ಬರಿಗೆ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ, ಎಲ್ಲರ ಮೊಬೈಲೂ ಪ್ಲಾಸ್ಟಿಕ್ ಚೀಲದಲ್ಲಿ ದೋಣಿಯೊಳಗೆ. ವಾಮನ ಹಗ್ಗ ಹಿಡಿದಿದ್ದವರ ಕಡೆ ತಿರುಗಿ, ಯಾರಿಗಾದ್ರೂ ಎಂತಾದ್ರೂ ಉಂಟಾ ಎಂದು ಕೇಳುತ್ತಿದ್ದ. ಎಲ್ಲರೂ ತಲೆಯಾಡಿಸುತ್ತಿದ್ದರು. ಎಲ್ಲ ಆರಾಮ ಎಂದು ಅವನು ಫೋನಿಟ್ಟರೆ ಮೂವತ್ತು ಚುಕ್ಕೆಗಳ ಕೆಲಸ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಕೇಂದ್ರಕ್ಕೂ ಅದೇ ಸುಲಭವಾಗಿತ್ತು.

"ಆದ್ರೂ ಒಬ್ಬರಾದ್ರೂ ಕಾಣ್ಬೇಕಿತ್ತಲ್ಲ ಅಣ್ಣ. ಒಟ್ಟಿಗೇ ಎಳೆಯುವವರು ನೀವು."

"ಎಲ್ಲಿಂದ ಕಾಣುದು? ಅಂಗಿ ಉಂಟಲ್ಲ."

ಆಗ ಕೂಸಪ್ಪ ಆ ಅಂಗಿಯ ಕತೆ ಹೇಳಿದ. ಮೊದಲು ರಂಪಣಿಯವರು ಬರಿಮೈಯಲ್ಲೇ ಎಳೆಯುತ್ತಿದ್ದರು. ಉಪ್ಪುನೀರಿನಲ್ಲಿ ಅಂಗಿ ಹಾಕಿ ಹಗ್ಗ ಎಳೆದರೆ ಕಂಕುಳು ಸುಲಿದು ಹೋಗುತ್ತದೆ, ಯಾರೂ ಹಾಕುವುದಿಲ್ಲ. ಕಾವಲು ಬಂದು ಮೂರನೆಯ ವರ್ಷ ತಂಡದಲ್ಲಿ ಎಲ್ಲರಿಗಿಂತ ಮೊದಲು ಊದಿದ್ದು ಕೂಸಪ್ಪನ ಎದೆ. ಒಂದು ದಿನ ಮೀನು ಕೊಳ್ಳಲು ಬಂದ ಏಜೆಂಟನೊಬ್ಬ ಎಲ್ಲರೆದುರು, ಇವನಿಗೊಂದು ರವಿಕೆ ಹೊಲಿಸಿ ಮಾರಾಯ್ರೆ ಎಂದ. ನಗಬಾರದವರೂ ನಕ್ಕರು. ಕೂಸಪ್ಪ ಮನೆಗೆ ಹೋದವನು ವಾರ ಕಳೆದರೂ ಕಡಲಿಗೆ ಬರಲಿಲ್ಲ. ಹೆಂಡತಿಯ ಮುಖವನ್ನೂ ನೋಡಲಿಲ್ಲ.

"ಆಮೇಲೆ ನಿನ್ನ ಗಂಡ ಬಂದ. ಕೈಯಲ್ಲೊಂದು ಹೊಸ ಅಂಗಿ, ಮೈಮೇಲೊಂದು. ಹಾಕು ಕೂಸಪ್ಪ, ಹೋಗುವ ಅಂದ. ನಾನು ಹೋಗಿ ನೋಡ್ತೇನೆ, ತಂಡದವರು ಪೂರಾ ಅಂಗಿ ಹಾಕಿ ನಿಂತಿದ್ದಾರೆ. ಎಂತ ಇಲ್ಲದವರೂ. ಇನ್ನು ನನ್ನ ತಂಡದಲ್ಲಿ ಯಾರೂ ಅಂಗಿ ಬಿಚ್ಚುದಿಲ್ಲ, ಯಾರಿಂದಲೂ ಬಿಚ್ಚಿಸುದೂ ಇಲ್ಲ, ನಾನಿರುವ ತನಕ ಅಂತ ಹೇಳಿದ. ನನಗೆ ಅಲ್ಲಿಯೇ ಕಣ್ಣಲ್ಲಿ ನೀರು ಬಂತು." ಅವನು ಕ್ಯಾಲೆಂಡರು ಪಕ್ಕಕ್ಕಿಟ್ಟ. "ನಿನ್ನ ಗಂಡ ದೇವರಂಥವ. ಅವನನ್ನು ಎಂತದೂ ಹೇಳ್ಬೇಡ."

"ಬೇರೆಯವರಿಗೆ ಉಂಟಾ?"

"ಊತ ಸುಮಾರು ಜನಕ್ಕೆ ಉಂಟು. ಗಂಟು ಯಾರಿಗೆ ಉಂಟು, ಯಾರಿಗೆ ಇಲ್ಲ, ಅದು ಅವರವರಿಗೇ ಗೊತ್ತು."

ದಾರಿಯುದ್ದಕ್ಕೂ ಸುಗಂಧಿಗೆ ಆ ಅಂಗಿಗಳೇ ಕಣ್ಣಿಗೆ ಕಟ್ಟಿದವು. ಕಡಲ ದಡದಲ್ಲಿ ಅಂಗಿ ಹಾಕಿದ ಸಾಲನ್ನು ಇಷ್ಟು ವರ್ಷ ನೋಡಿದ್ದಾಳೆ. ಈಗಿನವರಿಗೆ ಬಿಸಿಲು ತಡೆಯುವುದಿಲ್ಲ ಎಂದುಕೊಂಡಿದ್ದಳು. ವಾಮನ ಮನೆಯಲ್ಲೂ ಅಂಗಿ ಕಳಚುವುದಿಲ್ಲ, ಮಲಗುವಾಗಲೂ ಇಲ್ಲ, ಬಚ್ಚಲಿನ ಚಿಲಕ ಹಾಕಿಯೇ ಸ್ನಾನ. ಗಂಡಹೆಂಡಿರ ನಡುವೆ ಎಲ್ಲ ತಣ್ಣಗಾಗಿ ವರ್ಷಗಳಾದ ಮೇಲೆ ಅದನ್ನು ಕೇಳುವುದಕ್ಕೂ ಅವಳಿಗೆ ನಾಚಿಕೆಯಾಗಿತ್ತು. ವಯಸ್ಸಾಯಿತಲ್ಲ ಎಂದು ಬಿಟ್ಟಿದ್ದಳು. ನರ್ಸ್ ಆಗಿದ್ದವಳು, ಕಾವಲಿನ ಪರದೆ ನೋಡುವವಳು, ಒಂದೇ ಕೋಣೆಯಲ್ಲಿ ಮಲಗುವವಳು ತಾನು ಗಂಡನ ಎದೆ ನೋಡಿ ಆರು ವರ್ಷವಾಯಿತೆಂದು ನೆನೆದು ಅವಳಿಗೆ ಅಳು ಬಂತು.

ಮನೆಯ ಜಗಲಿಯಲ್ಲಿ ವಾಮನ ಹರಿದ ಬಲೆಯ ಕಣ್ಣು ಕಟ್ಟುತ್ತಿದ್ದ. ಅವಳು ಎದುರು ಕೂತಳು.

"ಅಂಗಿ ಒಮ್ಮೆ ಬಿಚ್ಚಿ."

"ಎಂತಕ್ಕೆ?"

"ಎಂತಕ್ಕೆ ಅಂತ ನಿಮಗೆ ಗೊತ್ತುಂಟು. ಕೂಸಪ್ಪಣ್ಣನನ್ನು ನೋಡಿ ಬಂದೆ."

ಅವನ ಕೈ ಒಂದು ಕ್ಷಣ ನಿಂತು ಮತ್ತೆ ಬಲೆಯಲ್ಲಿ ಓಡಿತು. "ನನಗೆ ಎಂತ ಇಲ್ಲ."

"ಇಲ್ಲದಿದ್ರೆ ತೋರಿಸ್ಲಿಕ್ಕೆ ಎಂತ?"

"ನಾನು ತೋರಿಸಿದ್ರೆ ನಾಳೆ ನೀನು ಉಳಿದವರಿಗೂ ತೋರಿಸ್ಲಿಕ್ಕೆ ಹೇಳ್ತಿ. ತಂಡೇಲನೇ ತೋರಿಸಿದ ಅಂತ ಹೇಳ್ತಿ. ನಾನು ಮಾತು ಕೊಟ್ಟಿದ್ದೇನೆ ಸುಗಂಧಿ. ನಮ್ಮ ತಂಡದ ಮೋನಪ್ಪನ ಮಗಳಿಗೆ ಗಂಡು ನೋಡ್ತಾ ಇದ್ದಾರೆ, ಅವಳ ಅಪ್ಪನ ಎದೆ ಊರಿನವರ ಬಾಯಿಗೆ ಬೀಳುದು ಬೇಡ."

"ಮಾತು ಇಟ್ಕೊಂಡು ಎಂತ ಮಾಡ್ತೀರಿ? ಕೂಸಪ್ಪಣ್ಣ ಉಳಿಯುದಿಲ್ಲ."

ಮೊದಲಾಗಿದ್ದರೆ ಇಷ್ಟು ಹೊತ್ತಿಗೆ ವಾಮನ ಬಲೆ ಎಸೆದು ಎದ್ದು ಹೋಗುತ್ತಿದ್ದ. ಅವಳು ಒಳಗೆ ಪಾತ್ರೆ ಕುಕ್ಕುತ್ತಿದ್ದಳು. ಅರ್ಧ ತಾಸಿನ ನಂತರ ಅವನೇ ಬಂದು, ಚಾ ಉಂಟಾ ಎಂದು ಕೇಳುತ್ತಿದ್ದ. ಈಗ ಅವನು ಉಸಿರು ಬಿಟ್ಟು, "ಗೊತ್ತುಂಟು ಮಾರಾಯ್ತಿ," ಎಂದ. ಅಷ್ಟೇ. ಜಗಳವಾಡಲು ಬೇಕಾದ ಬಿಸಿ ಅವನಲ್ಲಿ ಇರಲಿಲ್ಲ. ಅವನು ಒಮ್ಮೆ ಬೈದುಬಿಡಲಿ ಎಂದು ಸುಗಂಧಿಗೆ ನಿಜವಾಗಿ ಅನಿಸಿತು. ಬೈದರೆ ತಿರುಗಿ ಬೈಯಬಹುದು, ಸೋತ ಮನುಷ್ಯನಿಗೆ ಏನೆಂದು ಹೇಳುವುದು.

ಹೊಳ್ಳರು ಮೀನುಗಾರರ ಸಂಘದ ಸಭಾಂಗಣದಲ್ಲಿ ಶಿಬಿರ ಇಟ್ಟರು. ಪರದೆ ಕಟ್ಟಿಸಿದರು, ನೋಡಲು ಗಂಡು ಡಾಕ್ಟರನ್ನೇ ಕರೆಸಿದರು, ಚಹಾ ಅಂಬಡೆಯ ವ್ಯವಸ್ಥೆಯೂ ಆಯಿತು. ಬಂದವರು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು, ಸೊಸೈಟಿಯ ಗುಮಾಸ್ತರು ಇಬ್ಬರು, ಮತ್ತೆ ಅಂಬಡೆಗೆ ಬಂದವರು. ರಂಪಣಿ ತಂಡದಿಂದ ಒಬ್ಬನೂ ತಲೆ ಹಾಕಲಿಲ್ಲ. ಅವತ್ತು ಸಂಜೆ ಹೊಳ್ಳರು ಖಾಲಿ ಬೆಂಚಿನ ಮೇಲೆ ಕೂತು ಉಳಿದ ಅಂಬಡೆ ತಿನ್ನುತ್ತ, "ನಾನು ಯಂತ್ರ ಸರಿಯಾಗಿಯೇ ಮಾಡಿದ್ದೆ ಸುಗಂಧಿ," ಎಂದರು. ಅದು ಜಂಬವಾಗಿರಲಿಲ್ಲ. ಅವರಿಗೆ ತುಂಬ ದಣಿವಾಗಿತ್ತು.

ಅದೇ ಸಂಜೆ ವಾಮನ ಆಸ್ಪತ್ರೆಗೆ ಹೋಗಿ ಕೂಸಪ್ಪನನ್ನು ನೋಡಿ ಬಂದ. ಡ್ರೆಸ್ಸಿಂಗ್ ಬದಲಿಸುವ ಹೊತ್ತಿಗೆ ಹೋಗಿದ್ದನಂತೆ. ಬಂದವನು ಊಟಕ್ಕೆ ಏಳಲಿಲ್ಲ. ಸುಗಂಧಿ ಬಡಿಸಿದ ಗಂಜಿ ತಟ್ಟೆಯಲ್ಲೇ ಕೆನೆಗಟ್ಟಿತು.

"ಎಂತ ಹೇಳಿದ್ರು ಕೂಸಪ್ಪಣ್ಣ?" ಎಂದು ಕೇಳಿದಳು.

"ನನಗೆ ಥ್ಯಾಂಕ್ಸ್ ಹೇಳಿದ," ಎಂದ ವಾಮನ. "ಹುಣ್ಣು ಬಿಚ್ಚಿ ಇಟ್ಟದ್ದು ಅಲ್ಲಿ. ಅದರ ವಾಸನೆಯಲ್ಲಿ ಮಲಗಿ ನನಗೆ ಥ್ಯಾಂಕ್ಸ್ ಹೇಳ್ತಾನೆ."

ಹೇಳಿ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಸುಗಂಧಿ ತಟ್ಟೆ ಎತ್ತಿಟ್ಟಳು.

ಮರುದಿನ ಬೆಳಿಗ್ಗೆ ಅವಳೂ ಹೊಳ್ಳರೂ ಕಡಲ ದಡಕ್ಕೇ ಹೋದರು. ಶಿಬಿರಕ್ಕೆ ಬಾರದವರನ್ನು ಇನ್ನೆಲ್ಲಿ ಹಿಡಿಯುವುದು. ಬಲೆ ಆಗಷ್ಟೇ ದಡ ಸೇರಿತ್ತು. ಬೂತಾಯಿ ಮೀನಿನ ರಾಶಿಯ ಸುತ್ತ ಬುಟ್ಟಿ ಹಿಡಿದ ಹೆಂಗಸರು ಸೇರಿದ್ದರು. ಎಳೆದು ಸುಸ್ತಾದ ಗಂಡಸರು ಒದ್ದೆ ಅಂಗಿಗಳಲ್ಲಿ ಮರಳ ಮೇಲೆ ಕೂತಿದ್ದರು. ಮೊದಲು ಇಪ್ಪತ್ತು ಜನ ಎಳೆಯುತ್ತಿದ್ದ ಬಲೆಗೆ ಈಗ ಮೂವತ್ತು ಜನ ಬೇಕು, ಆದರೂ ಎಲ್ಲರೂ ಏದುಸಿರು ಬಿಡುತ್ತಿದ್ದರು.

ಹೊಳ್ಳರು ನಿಂತು ಎಲ್ಲವನ್ನೂ ಹೇಳಿದರು. ಕೂಸಪ್ಪನಿಗೆ ಆದದ್ದು ಏನು, ಅದು ಕಾವಲಿನಿಂದ ಇರಬಹುದು, ಇಲ್ಲದೆಯೂ ಇರಬಹುದು, ನೋಡದೆ ಹೇಳಲಾಗದು, ಬೇಗ ಕಂಡರೆ ಕತ್ತರಿಸಿ ತೆಗೆದು ಬದುಕಿಸಬಹುದು. ಹೇಳಿ ಮುಗಿಸಿ, "ದಯಮಾಡಿ ತೋರಿಸಿ," ಎಂದರು.

ಯಾರೂ ಅಲುಗಲಿಲ್ಲ. ಮೂವತ್ತು ಜನವೂ ವಾಮನನ ಮುಖ ನೋಡಿದರು. ಮೋನಪ್ಪ ಅಂಗಿಯ ಮೇಲಿನ ಗುಂಡಿಯನ್ನು ಹಿಡಿದುಕೊಂಡೇ ಕೂತಿದ್ದ, ಯಾರೋ ಬಂದು ಕಿತ್ತುಕೊಳ್ಳುತ್ತಾರೆಂಬಂತೆ.

ವಾಮನ ಮೀನಿನ ರಾಶಿಯ ಹತ್ತಿರದಿಂದ ಎದ್ದು ಬಂದ.

"ಬಿಚ್ಚಿಸುದಿಲ್ಲ ಅಂತ ಮಾತು ಕೊಟ್ಟದ್ದು ನಾನು. ಆ ಮಾತು ಹಾಗೇ ಉಂಟು. ಯಾರಿಗೂ ಒತ್ತಾಯ ಇಲ್ಲ," ಎಂದ. "ನನ್ನದು ನಾನು ಬಿಚ್ಚುದಕ್ಕೆ ಯಾರ ಅಪ್ಪಣೆಯೂ ಬೇಡ."

ಒದ್ದೆ ಅಂಗಿ ಮೈಗೆ ಅಂಟಿತ್ತು. ತೋಳು ಎಳೆದು ಕಳಚಲು ಸ್ವಲ್ಪ ಹೊತ್ತು ಹಿಡಿಯಿತು. ಕಳಚಿದ ಮೇಲೆ ನೋಡಿದರೆ ಮುಖ ಕೈ ಕರ್ರಗೆ, ಎದೆ ಹೊಟ್ಟೆ ಬೆಳ್ಳಗೆ, ಬಿಸಿಲು ಕಾಣದೆ ವರ್ಷಗಳಾದ ಮೈ. ಎರಡೂ ಎದೆ ಊದಿ ಇಳಿಬಿದ್ದಿದ್ದವು. ಕಂಕುಳಲ್ಲಿ ಉಪ್ಪು ತಿಂದು ಸುಲಿದ ಗಾಯದ ಕಲೆಗಳು. ಹೆಂಗಸರಲ್ಲೊಬ್ಬಳು ಮುಖ ತಿರುಗಿಸಿದಳು. ಯಾರೂ ನಗಲಿಲ್ಲ.

ಹೊಳ್ಳರು ಮುಂದೆ ಬಂದರು. ವಾಮನ ಕೈ ಅಡ್ಡ ಮಾಡಿ, "ನನ್ನದು ಇವಳೇ ನೋಡ್ಲಿ," ಎಂದ.

ಸುಗಂಧಿ ಸೆರಗಿಗೆ ಕೈ ಒರೆಸಿಕೊಂಡು ಎದುರು ನಿಂತಳು. ಬೆರಳುಗಳಿಗೆ ಹಳೆಯ ಅಭ್ಯಾಸ ಮರೆತಿರಲಿಲ್ಲ. ಬಲ ಎದೆ ಮೆತ್ತಗಿತ್ತು, ಬರೀ ಊತ. ಎಡಕ್ಕೆ ಬಂದಳು. ಮೊಲೆತೊಟ್ಟಿನ ಕೆಳಗೆ, ಸ್ವಲ್ಪ ಹೊರಮಗ್ಗುಲಿಗೆ, ಗಟ್ಟಿಯಾದದ್ದೊಂದು ಬೆರಳಿಗೆ ತಾಗಿತು. ಸರಿಸಲು ನೋಡಿದಳು, ಸರಿಯಲಿಲ್ಲ. ಮತ್ತೊಮ್ಮೆ ಒತ್ತಿದಳು. ನೂರಾರು ಹೆಂಗಸರಲ್ಲಿ ಇಂಥದನ್ನು ಮುಟ್ಟಿ ನೋಡಿದ ಬೆರಳು ಅದು, ತಪ್ಪು ಹೇಳುವಂತಿರಲಿಲ್ಲ.

ಅವಳ ಹಿಂದೆ ಮೂವತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಬುಟ್ಟಿ ಹಿಡಿದ ಹೆಂಗಸರು ಕಾಯುತ್ತಿದ್ದರು. ನಾಳೆ ಬೆಳಿಗ್ಗೆಯೊಳಗೆ ಇಡೀ ಪೇಟೆಗೆ ಇವನ ಎದೆಯ ಸುದ್ದಿ ಗೊತ್ತಾಗುತ್ತದೆ. ಇವನು ಊರಿಗೆಲ್ಲ ತಲೆಯೆತ್ತಿ ನಡೆದವನು, ಇನ್ನೊಬ್ಬನ ನಾಚಿಕೆಯನ್ನು ತನ್ನ ಮೈಮೇಲೆ ಹೊದ್ದುಕೊಂಡವನು. ಮನೆಗೆ ಕರೆದುಕೊಂಡು ಹೋಗೋಣ, ನಾಳೆ ಸದ್ದಿಲ್ಲದೆ ದೂರದ ಆಸ್ಪತ್ರೆಗೆ ಹೋಗಿಬರೋಣ ಎಂದು ಅವಳಿಗೆ ಅನಿಸಿಬಿಟ್ಟಿತು. ಇಷ್ಟು ದಿನ ತೋರಿಸಿ ತೋರಿಸಿ ಎಂದು ಊರನ್ನು ಬೇಡಿಕೊಂಡವಳೇ ಎಲ್ಲರಿಗೂ ಕೇಳುವಂತೆ ಹೇಳಿದಳು. "ಎಂತ ಇಲ್ಲ. ಬರೀ ಊತ. ಅಂಗಿ ಹಾಕಿಕೊಳ್ಳಿ."

ಮರಳ ಮೇಲಿದ್ದವರ ಹೆಗಲುಗಳು ಸಡಿಲಾದವು. ಮೋನಪ್ಪನ ಕೈ ಗುಂಡಿಯಿಂದ ಕೆಳಗಿಳಿಯಿತು. ಒಬ್ಬಿಬ್ಬರು ಪಂಚೆ ಕೊಡವಿ ಎದ್ದರು.

ವಾಮನ ಅಂಗಿ ಹಾಕಿಕೊಳ್ಳಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಅವನು ಅವಳನ್ನು ಹಾಗೆ ನೋಡಿದ್ದು.

"ನನಗಾಗಿ ಸುಳ್ಳು ಹೇಳ್ತಿಯಾ?" ಎಂದು ಮೆಲ್ಲಗೆ ಕೇಳಿದ. "ನಾನು ಕೂಸಪ್ಪನಿಗೆ ಮಾಡಿದ್ದೂ ಇದನ್ನೇ ಅಲ್ವಾ ಮಾರಾಯ್ತಿ."

"ಸುಮ್ಮನಿರಿ. ಮನೆಗೆ ಹೋಗುವ."

"ನಾಲ್ಕು ತಿಂಗಳಾಯ್ತು, ನನಗೆ ಗೊತ್ತುಂಟು."

ಆಮೇಲೆ ಅವನು ತಂಡದ ಕಡೆ ತಿರುಗಿದ. ಹಗ್ಗ ಎಳೆಯಲು ಕೂಗುವ ದನಿಯಲ್ಲಿ, ದೋಣಿಯಾಚೆ ಇದ್ದವರಿಗೂ ಕೇಳುವಂತೆ ಹೇಳಿದ. "ಗಂಟು ಉಂಟು. ಎಡ ಬದಿಯಲ್ಲಿ. ನಾಲ್ಕು ತಿಂಗಳಿಂದ ಮುಚ್ಚಿಟ್ಟಿದ್ದೆ. ಕೂಸಪ್ಪನಿಗೆ ಅಂಗಿ ಹಾಕಿಸಿದ್ದು ತಪ್ಪಾಯ್ತು. ಇನ್ನು ನಿಮ್ಮಿಷ್ಟ."

ಅವನು ಅಂಗಿಯನ್ನು ಮರಳಿಗೆ ಬಿಟ್ಟ. ಅಲ್ಲಿಂದ ಹೋಗಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ. ಎಲ್ಲರಿಗೂ ಕಾಣುವಂತೆ ಬರಿಮೈಯಲ್ಲಿ ನಿಂತೇ ಇದ್ದ. ಸುಗಂಧಿಗೆ ಅವನ ಮೇಲೆ ಉಕ್ಕಿ ಬಂದ ಪ್ರೀತಿಗೆ ಎದೆ ನೋವಾಯಿತು.

ಮೊದಲು ಎದ್ದವನು ಮೋನಪ್ಪ. ಒಂದೊಂದೇ ಗುಂಡಿ ಬಿಚ್ಚಿದ. ಮೀನಿನವರ ಗುಂಪಿನಿಂದ ಅವನ ಹೆಂಡತಿ ಬುಟ್ಟಿ ಕೆಳಗಿಟ್ಟು ಬಂದು ಅಂಗಿಯನ್ನು ಕೈಯಲ್ಲಿ ತೆಗೆದುಕೊಂಡಳು. ಅವನ ಹಿಂದೆ ಇನ್ನೊಬ್ಬ ಎದ್ದ, ಆಮೇಲೆ ಇನ್ನಿಬ್ಬರು. ಹೊಳ್ಳರು ಒಂದು ಸಾಲು, ಸುಗಂಧಿ ಒಂದು ಸಾಲು ಹಿಡಿದರು. ಒಬ್ಬೊಬ್ಬರೂ ಬಂದು ಎದುರು ನಿಂತು ಎಲ್ಲಿಯೋ ನೋಡುತ್ತಿದ್ದರು. ಹೆಚ್ಚಿನವರಲ್ಲಿ ಮೆತ್ತಗಿನ ಊತ. ನೋಡಿ, ಎಂತ ಇಲ್ಲ ಎಂದರೆ ನಂಬದೆ, ಸರಿಯಾಗಿ ನೋಡಿ ಎಂದು ಇನ್ನೊಮ್ಮೆ ನಿಲ್ಲುತ್ತಿದ್ದರು. ಮೋನಪ್ಪನದೂ ಬರೀ ಊತ. ಅವನು ಹೆಂಡತಿಯ ಪಕ್ಕ ಕೂತು ಮಗುವಿನಂತೆ ಅತ್ತ.

ಬಿಸಿಲೇರುವ ಹೊತ್ತಿಗೆ ಹೊಳ್ಳರ ಸಾಲಿನಲ್ಲಿ ಒಂದು ಗಟ್ಟಿ ಗಂಟು ಸಿಕ್ಕಿತು, ದೋಣಿ ನಡೆಸುವ ಐತಪ್ಪನದು. ಹೊಳ್ಳರು ಎರಡು ಸಲ ಒತ್ತಿ ನೋಡಿ, ಸುಗಂಧಿಯನ್ನೂ ಕರೆದು ನೋಡಿಸಿ, ಮರಳಲ್ಲೇ ಕುಸಿದು ಕೂತರು. ಕೂಸಪ್ಪ, ವಾಮನ, ಐತಪ್ಪ. ಸಾಬೀತಿಗೆ ಕಾಯುವುದಿಲ್ಲ ಎಂದಿದ್ದರಲ್ಲ, ಕಾಯಲಿಲ್ಲ. ಫೋನ್ ತೆಗೆದು ಕೇಂದ್ರಕ್ಕೆ ಹಚ್ಚಿ, "ರಂಪಣಿ ತಂಡದವರ ಕಾವಲು ಬಂದ್ ಮಾಡಿ. ಹೌದು, ನಾನೇ ಹೇಳುದು," ಎಂದರು.

ಆ ಕಡೆಯಿಂದ ಏನೋ ಕೇಳಿದರು. ಹೊಳ್ಳರು ಫೋನನ್ನು ಕಿವಿಯಿಂದ ಸರಿಸಿ ಸುಗಂಧಿಯ ಕಡೆ ನೋಡಿದರು.

"ಮಲಗಿದ ಕೇಸುಗಳದ್ದು ಎಂತ ಮಾಡುದು ಅಂತ ಕೇಳ್ತಾರೆ. ಈ ತಂಡದಲ್ಲಿ ಒಂದೇ ಇರುವುದು." ಅವರಿಗೆ ಹೆಸರು ಹೇಳಲಾಗಲಿಲ್ಲ. "ಇಟ್ಟರೆ ಎದೆಯದ್ದು ಬೆಳೆದೀತು. ತೆಗೆದರೆ ಗ್ರಂಥಿಯದ್ದು ಎದ್ದೀತು. ಎರಡಕ್ಕೂ ಚಿಕಿತ್ಸೆ ಮಾಡ್ತೇವೆ. ಆದ್ರೆ ಯಾವುದು ಸರಿ ಅಂತ ನನ್ನನ್ನು ಕೇಳ್ಬೇಡಿ, ನನಗೆ ಗೊತ್ತಿಲ್ಲ."

ಸುಗಂಧಿಗೆ ಚಾಪೆಯ ಮೇಲೆ ಹೊರಳಲಾಗದೆ ನರಳಿದ ಮಾವ ಕಣ್ಣ ಮುಂದೆ ಬಂದರು. ಒಂಬತ್ತು ವರ್ಷದ ಹಿಂದೆ ಅವಳು ಯಾರನ್ನೂ ಕೇಳಿರಲಿಲ್ಲ. ಈಗ ಗಂಡನ ಕಡೆ ತಿರುಗಿ, "ನೀವು ಹೇಳಿ," ಎಂದಳು.

ವಾಮನ ತಂಡವನ್ನು ನೋಡಿದ. ಅಂಗಿ ಕಳಚಿದವರು, ಇನ್ನೂ ಕಳಚುತ್ತಿರುವವರು, ತೋಳಿನ ಹೊಲಿಗೆಯ ಗುರುತನ್ನು ಸವರಿಕೊಳ್ಳುತ್ತ ಇವನ ಮಾತಿಗೆ ಕಾಯುತ್ತಿರುವವರು.

"ಎಲ್ಲರದ್ದೂ," ಎಂದ.

"ನಿಮ್ಮದು?" ಎಂದಳು ಸುಗಂಧಿ.

"ಎಲ್ಲರದ್ದೂ ಅಂದ್ರೆ ಎಲ್ಲರದ್ದೂ."

ಹೊಳ್ಳರು ಅದನ್ನೇ ಫೋನಿಗೆ ಹೇಳಿದರು. ಅಲ್ಲಿ ಕೇಂದ್ರದ ಗೋಡೆಯ ಮೇಲೆ ಈಗ ಒಂದೊಂದೇ ಚುಕ್ಕೆ ಆರುತ್ತಿರಬೇಕು. ನಾಳೆ ಬೆಳಿಗ್ಗೆ ಹೋಗಿ ಕೂತರೆ ಅವನು ಹೇಗಿದ್ದಾನೆಂದು ಅವಳಿಗೆ ಗೋಡೆ ಹೇಳುವುದಿಲ್ಲ. ಅವನನ್ನೇ ಕೇಳಬೇಕು, ಅವನೇ ಹೇಳಬೇಕು. ಮುಂದಿನವನು ಬಂದು ಎದುರು ನಿಂತಿದ್ದ. ಸುಗಂಧಿ ಅವನ ಎದೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತತೊಡಗಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.